ವಿಷಯ: ರಸ್ಸೆಲ್ ನಿಲುಗಡೆ ರದ್ದು ಮಾಡಿರುವ ಬಗ್ಗೆ

ಫಂಗರೋವ: ಐದನೆಯ ದಿನ, ಸಂಜೆ

ಏಳು ದಿನಗಳ ಹಡಗಿನ ಪ್ರವಾಸದಲ್ಲಿ ಮೊದಲ ನಾಲ್ಕು ದಿನ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ದಿನ ಸೀಗುಂಬಳಕಾಯಿ ತಿಂದೆ. ಬೆಳಿಗ್ಗೆ ಅದರ ಮಫಿನ್ನು, ಮಧ್ಯಾಹ್ನ ಅದರ ಸೂಪು, ರಾತ್ರಿ ಓವನ್‌ನಲ್ಲಿ ಸುಟ್ಟ ಅದರ ಹೋಳು. ಫಾರಂನಲ್ಲಿ ಸಸ್ಯಾಹಾರಿ ಎಂದು ಗುರುತು ಹಾಕಿದ ತಪ್ಪಿಗೆ ಇಷ್ಟು. ಖಾರಕ್ಕೆ ಏನಾದರೂ ಇದೆಯೇ ಎಂದು ಕೇಳಿದರೆ ಮೊಣಕೈ ಉದ್ದದ ಮರದ ಗಿರಣಿಯೊಂದನ್ನು ತಂದು, ತಟ್ಟೆಯ ಮೇಲೆ ಎರಡು ಸುತ್ತು ಕಾಳುಮೆಣಸು ಉದುರಿಸಿ, ಸಾಕೇ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ತಂಗಿ ಸುಮಾ ಆಸೆಪಟ್ಟು ಕರೆದುಕೊಂಡು ಬಂದಿದ್ದಾಳೆ, ಕುಂಬಳಕಾಯಿಗೋಸ್ಕರ ಮುಖ ಊದಿಸಿಕೊಂಡು ಕೂರುವುದು ಚೆನ್ನಲ್ಲ.

ಸುಮಾ ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಬೀದಿಯ ತುದಿಗೆ ಹೋದರೆ ಕರಿಬೇವು, ಹೆಸರುಬೇಳೆ, ತೆಂಗಿನಕಾಯಿ ಎಲ್ಲ ಸಿಗುವ ಜಾಗ. ಅಲ್ಲಿ ಹದಿನೈದು ದಿನ ನನಗೆ ತಿಪಟೂರಿನಲ್ಲಿ ಇದ್ದಷ್ಟೇ ಆರಾಮವಾಗಿತ್ತು. ನಂತರ ಈ ಹಡಗು. ಉತ್ತರದ ಕರಾವಳಿಯುದ್ದಕ್ಕೂ ಕೊಲ್ಲಿಯಿಂದ ಕೊಲ್ಲಿಗೆ ಹೋಗಿ, ಅಲ್ಲಲ್ಲಿ ಇಳಿಸಿ, ನಡೆಸಿ, ಮತ್ತೆ ಹತ್ತಿಸಿಕೊಳ್ಳುವ ಚಿಕ್ಕ ಹಡಗು. ಮೂವತ್ನಾಲ್ಕು ಪ್ರಯಾಣಿಕರು. ಸೀರೆ ಉಟ್ಟವಳು ನಾನೊಬ್ಬಳೇ.

ಐದನೆಯ ದಿನ ಫಂಗರೋವ ಬಂದರಿಗೆ ಬಂದೆವು. ಅದರ ಬಾಯಿ ಎಷ್ಟು ಕಿರಿದೆಂದರೆ, ಹೊರಗಿನಿಂದ ನೋಡಿದರೆ ಬೆಟ್ಟದೊಳಗೆ ದಾರಿಯಿದೆ ಎಂದೇ ತಿಳಿಯುವುದಿಲ್ಲ. ಒಳಗೆ ಹೋದ ಮೇಲೆ ನೀರು ಅಗಲವಾಗುತ್ತದೆ. ಸುತ್ತಲೂ ಬೋಳುತಲೆಯ ಹೆಬ್ಬಂಡೆಗಳು, ಅವುಗಳ ಹೆಗಲ ಮೇಲೆ ದಟ್ಟ ಹಸಿರು. ಅರಸೀಕೆರೆಯ ಮಾಲೇಕಲ್ಲು ಬೆಟ್ಟವನ್ನು ಸೊಂಟದ ತನಕ ನೀರಿನಲ್ಲಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಅರಸೀಕೆರೆ ನೆನಪಾಗಲು ಬೇರೆ ಕಾರಣವೂ ಇತ್ತು. ಅದನ್ನು ಹೇಳುತ್ತೇನೆ.

ಸಂಜೆ ಊಟದ ಕೋಣೆಗೆ ಕ್ಯಾಪ್ಟನ್ ಬಂದರು. ಚಡ್ಡಿ, ಮೊಣಕಾಲಿನ ತನಕ ಕಾಲುಚೀಲ, ಕೈಯಲ್ಲಿ ಮೈಕು. ನಿನ್ನೆ ಅಲೆ ಜೋರಿದ್ದುದರಿಂದ ಅರ್ಧ ದಿನ ಕಾದು ನಿಲ್ಲಬೇಕಾಯಿತು, ಹೊತ್ತು ಹೋಯಿತು, ಆದ್ದರಿಂದ ನಾಳೆ ರಸ್ಸೆಲ್ ಇರುವುದಿಲ್ಲ ಎಂದರು. ನೇರವಾಗಿ ಉರುಪುಕಪುಕ ದ್ವೀಪಕ್ಕೆ ಹೋಗಿ, ಅಲ್ಲಿ ನಡೆದಾಡಿ, ಮಧ್ಯಾಹ್ನವೇ ಆಕ್ಲೆಂಡಿನ ಕಡೆ ಹೊರಡುವುದಂತೆ.

ರಸ್ಸೆಲ್ ಇರುವುದಿಲ್ಲವಂತೆ! ಊರೊಂದು ಎಲ್ಲಿಗೆ ಹೋಗುತ್ತದೆ?

ನನಗೆ ಸಿಟ್ಟು ಬಂದದ್ದು ಕ್ಯಾಪ್ಟನ್ ಹೇಳಿದ್ದಕ್ಕಲ್ಲ, ಉಳಿದ ಮೂವತ್ತೆರಡು ಜನ ಅದನ್ನು ಸುಮ್ಮನೆ ಕೇಳಿಸಿಕೊಂಡದ್ದಕ್ಕೆ. ಒಬ್ಬರಾದರೂ ಯಾಕೆ ಎನ್ನಲಿಲ್ಲ. ನಮ್ಮ ಮೇಜಿನಲ್ಲಿ ಕೂರುತ್ತಿದ್ದ ಗ್ರಹಾಂ ಎಂಬಾತ, ಪುಕೆಕೊಹೆಯಲ್ಲಿ ನಲವತ್ತು ವರ್ಷ ಈರುಳ್ಳಿ ಆಲೂಗೆಡ್ಡೆ ಬೆಳೆದ ಗಟ್ಟಿ ಆಳು, "ನೋ ವರೀಸ್" ಎಂದು ಬೆಣ್ಣೆ ಸವರುತ್ತಲೇ ಇದ್ದರು. ಆತನ ಹೆಂಡತಿ ಜೂಡಿ ಚಪ್ಪಾಳೆಯನ್ನೇ ತಟ್ಟಿದರು. ನಮ್ಮ ಕಡೆ ಬಸ್ಸು ಒಂದು ಸ್ಟಾಪು ಮುಂದೆ ನಿಲ್ಲಿಸಿದರೆ ಡ್ರೈವರನ ತಾತ ಮುತ್ತಾತನವರೆಗೂ ವಿಚಾರಿಸುತ್ತಾರೆ. ಇಲ್ಲಿ ಊರನ್ನೇ ಎತ್ತಿ ಆಚೆಗಿಟ್ಟರೆ ಚಪ್ಪಾಳೆ.

"ಅಕ್ಕ, ಪ್ಲೀಸ್, ಸೀನ್ ಮಾಡ್ಬೇಡ," ಎಂದಳು ಸುಮಾ. ನನ್ನ ಮುಖ ನೋಡಿದ್ದಳು.

"ನಾನೇನೂ ಅಂದಿಲ್ವಲ್ಲೇ."

"ಅನ್ನೋಕೆ ಮುಂಚೆ ಹೇಳ್ತಿದೀನಿ. ಇಲ್ಲಿ ಹಂಗೆಲ್ಲ ಮಾಡಲ್ಲ."

"ಮತ್ತೆ ಹೆಂಗ್ ಮಾಡ್ತಾರೆ?"

"ಸುಮ್ನಿರ್ತಾರೆ."

ರಸ್ಸೆಲ್‌ನ ದೋಣಿಕಟ್ಟೆಯ ಮೇಲೆ ಮರುದಿನ ಹತ್ತು ಗಂಟೆಗೆ ಶಮೀಮಾ ನನಗಾಗಿ ಕಾಯುವವಳಿದ್ದಳು. ತುಮಕೂರಿನ ಹಾಸ್ಟೆಲ್‌ನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಅವಳ ತವರು ಅರಸೀಕೆರೆ. ಮದುವೆಯಾಗಿ ಈ ದೇಶಕ್ಕೆ ಬಂದು, ಈಗ ಕೆರಿಕೆರಿ ಎಂಬಲ್ಲಿ ಕಿವಿಹಣ್ಣು ಪ್ಯಾಕ್ ಮಾಡುವ ಕಡೆ ಸೂಪರ್‌ವೈಸರ್. ನಾವು ಮುಖ ನೋಡಿ ಇಪ್ಪತ್ತೇಳು ವರ್ಷವಾಗಿತ್ತು. ಅವಳ ಗಂಡನಿಗೆ ಮೂತ್ರಪಿಂಡ ಕೆಟ್ಟು, ಮನೆಯಲ್ಲೇ ಯಂತ್ರಕ್ಕೆ ಹಾಕಿ ರಕ್ತ ಶುದ್ಧಿ ಮಾಡಬೇಕು. ಮಾಡುವವಳು ಇವಳೇ. ಆದ್ದರಿಂದ ಆಕ್ಲೆಂಡಿಗೆ ಬರಲಾರಳು. ಬೆಳಿಗ್ಗೆ ಹೊರಟು ರಸ್ಸೆಲ್‌ಗೆ ಬಂದು, ಮಧ್ಯಾಹ್ನ ಎರಡು ಗಂಟೆಯೊಳಗೆ ಮನೆ ಸೇರಬೇಕು. ನನ್ನ ವಿಮಾನ ಅದರ ಮೂರನೆಯ ದಿನಕ್ಕೆ.

ಬರೀ ಗೆಳತಿಯ ಭೇಟಿಯಾಗಿದ್ದರೆ ನಾನೂ ಆ ಬೆಣ್ಣೆಯಂತೆ ಸವರಿಕೊಂಡು ಹೋಗುತ್ತಿದ್ದೆನೇನೋ. ಈ ದೇಶ ತನ್ನ ಬಾಗಿಲು ಮುಚ್ಚಿಕೊಂಡಿದ್ದ ಆ ಕೊರೋನಾ ಕಾಲದಲ್ಲಿ ಶಮೀಮಾಳ ತಾಯಿ ತೀರಿಕೊಂಡರು. ಇವಳಿಗೆ ಹೋಗಲಾಗಲಿಲ್ಲ. ಕೊನೆಯ ಎರಡು ದಿನ ಅವರ ಹಾಸಿಗೆಯ ಪಕ್ಕದಲ್ಲಿದ್ದವಳು ನಾನು. ವಿಷಯ ತಿಳಿಸಲು ಫೋನು ಮಾಡಿದಾಗ ಅವಳು ಒಂದೇ ಮಾತು ಹೇಳಿದ್ದಳು: "ಅಮ್ಮಿ ಕೊನೇಲಿ ಏನಂದ್ರು ಅಂತ ಫೋನಲ್ಲಿ ಹೇಳ್ಬೇಡ ಕಣೇ ರತ್ನ. ಎದುರಿಗೆ ಕೂತು ಹೇಳು." ಅಂದಿನಿಂದ ಆ ಮಾತನ್ನು ಹೊತ್ತುಕೊಂಡಿದ್ದೇನೆ. ಜೊತೆಗೆ ಅವರ ಹಿತ್ತಾಳೆಯ ಎಲೆಅಡಿಕೆ ಡಬ್ಬಿಯನ್ನೂ. ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದರ ಮೂಲೆಗಳನ್ನು ಬೆಳಕು ಬಿಟ್ಟು ನೋಡಿ, ಒಂದು ಅಡಿಕೆ ಚೂರನ್ನು ಚಿಮಟದಿಂದ ಎತ್ತಿ ಇಟ್ಟುಕೊಂಡರು. ಸುಣ್ಣದ ಕಲೆಯನ್ನು ಮಾತ್ರ ಬಿಟ್ಟುಕೊಟ್ಟರು.

ಫಂಗರೋವದ ಬಂಡೆಗಳ ನಡುವೆ ಫೋನಿಗೆ ಸಿಗ್ನಲ್ ಇರಲಿಲ್ಲ. ನಾವು ಬರುವುದಿಲ್ಲ ಎಂದು ಅವಳಿಗೆ ತಿಳಿಸುವುದೂ ಸಾಧ್ಯವಿರಲಿಲ್ಲ.

ಉರುಪುಕಪುಕ: ಆರನೆಯ ದಿನ, ಬೆಳಿಗ್ಗೆ

ಎದ್ದು ನೋಡಿದರೆ ಸಮುದ್ರ ತಟ್ಟೆಗೆ ಸುರಿದ ಎಣ್ಣೆಯ ಹಾಗೆ ಮಲಗಿತ್ತು. ಒಂದು ಅಲೆ ಇಲ್ಲ. ಅಲೆಯ ಹೆಸರು ಹೇಳಿ ಊರು ತಪ್ಪಿಸಿದವರಿಗೆ ಸಮುದ್ರಕ್ಕಾದರೂ ನಾಚಿಕೆಯಾಗಬೇಡವೇ! ಸುತ್ತಲೂ ಚಿಕ್ಕ ಚಿಕ್ಕ ದ್ವೀಪಗಳು, ಮಗು ಆಡಿ ಹಾಗೇ ಬಿಟ್ಟು ಹೋದ ಆಟಿಕೆಗಳಂತೆ. ನೋಡಲು ಚಂದವೇ. ನೋಡುವ ಮನಸ್ಸು ಇರಲಿಲ್ಲ.

ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಬಂತು. ಅದರ ಹಿಂದೆಯೇ ಶಮೀಮಾಳ ಫೋಟೋ. ಕಾರಿನ ಮುಂದಿನ ಸೀಟಿನಲ್ಲಿ ಟಿಫಿನ್ ಕ್ಯಾರಿಯರ್, ಅದಕ್ಕೆ ಸೀಟ್ ಬೆಲ್ಟ್ ಬಿಗಿದಿದ್ದಾಳೆ. ಕೆಳಗೆ, "ಹೊರಟೆ ಕಣೇ. ಹತ್ತಕ್ಕೆ ಕಟ್ಟೆ ಮೇಲಿರ್ತೀನಿ." ನಾನು ಟೈಪು ಮಾಡಿದ ಉತ್ತರದ ಪಕ್ಕ ಕೆಂಪು ಗುರುತು ಬಿದ್ದು, ಹೋಗಲೇ ಇಲ್ಲ. ಆ ಒಂದು ಗೆರೆ ಸಿಗ್ನಲ್ ಬಂದದ್ದೇ ನನ್ನ ಹೊಟ್ಟೆ ಉರಿಸಲು ಎಂದು ಕಾಣುತ್ತದೆ.

ಆಗ ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ತಿಪಟೂರಿನ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಅರ್ಜಿ ತೆಗೆದುಕೊಳ್ಳುವ ಟೇಬಲ್ಲಿನಲ್ಲಿ ಕೂತವಳು ನಾನು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದದ್ದು ಫೈಲಿಗೆ ಹೋಗುತ್ತದೆ. ಒಬ್ಬರ ಕಷ್ಟಕ್ಕೆ ಬೆಲೆಯಿಲ್ಲ, ಮೂವತ್ತು ಸಹಿಗೆ ಇದೆ. ಆದ್ದರಿಂದ ಮನವಿ ಬರೆಯಲು ಕೂತೆ. ಇಂಗ್ಲಿಷಿನಲ್ಲೇ ಬರೆದೆ, ಆದರೆ ಕ್ರಮ ನಮ್ಮದು. ಮಾನ್ಯ ಕ್ಯಾಪ್ಟನ್ ಅವರಿಗೆ. ವಿಷಯ: ರಸ್ಸೆಲ್ ನಿಲುಗಡೆ ರದ್ದು ಮಾಡಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ನಿಲುಗಡೆ ರದ್ದಾದ ಕಾರಣ ಸಮಸ್ತ ಪ್ರಯಾಣಿಕರಿಗೆ ತೀವ್ರ ತೊಂದರೆಯಾಗಿದ್ದು, ಎಲ್ಲರೂ ಬಹಳ ನೊಂದಿರುತ್ತಾರೆ. ಶಮೀಮಾಳ ಹೆಸರು ಬರೆಯಲಿಲ್ಲ. ಮನವಿಯಲ್ಲಿ ಸ್ವಂತ ವಿಷಯ ಬರೆಯುವುದಿಲ್ಲ. ನಮ್ಮೂರಲ್ಲಿ ತನ್ನ ಮನೆಯ ಮುಂದಿನ ಚರಂಡಿಗೆ ಬರೆದವನೂ ಸಾರ್ವಜನಿಕರ ಹಿತದೃಷ್ಟಿಯಿಂದ ಎಂದೇ ಬರೆಯುತ್ತಾನೆ.

ಸಹಿಗೆ ಬೇರೆ ಹಾಳೆ. ಗೆರೆ ಎಳೆದು ಕಾಲಂ ಮಾಡಿದೆ. ಕ್ರಮ ಸಂಖ್ಯೆ, ಹೆಸರು, ಊರು, ಸಹಿ, ಕೊನೆಯಲ್ಲಿ ಷರಾ. ಏನಾದರೂ ವಿಶೇಷವಾಗಿ ಹೇಳುವುದಿದ್ದರೆ ಬರೆಯಲು ಈ ಷರಾ ಕಾಲಂ. ನನ್ನ ಸೇವಾವಧಿಯಲ್ಲಿ ಅದನ್ನು ತುಂಬಿದವರನ್ನು ನಾನು ಕಂಡದ್ದೇ ಇಲ್ಲ. ಮನವಿಯನ್ನು ಕೆಳಗಿಟ್ಟು, ಸಹಿ ಹಾಳೆಗಳನ್ನು ಮೇಲಿಟ್ಟು, ಹಡಗಿನ ಕ್ಲಿಪ್ಪಿನ ರಟ್ಟಿಗೆ ಸಿಕ್ಕಿಸಿದೆ.

ಸುಮಾ ಕಣ್ಣು ಬಿಟ್ಟವಳು ಅದನ್ನು ನೋಡಿ ಮತ್ತೆ ಹೊದಿಕೆ ಎಳೆದುಕೊಂಡಳು. "ನಾನು ನಿನ್ನ ತಂಗಿ ಅಂತ ಯಾರಿಗೂ ಹೇಳ್ಬೇಡ."

"ಅವರಿಗೆ ಆಗಲೇ ಗೊತ್ತು."

"ಹಂಗಾದ್ರೆ ನಾನು ತಿಂಡಿಗೇ ಬರಲ್ಲ."

ಬರಲಿಲ್ಲ. ಬಂದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ತಿಂಡಿಯ ಹೊತ್ತಿನಲ್ಲಿ ಜೂಡಿ ಎದ್ದು ನಿಂತು ಎಲ್ಲರಿಗೂ ಒಂದು ಮಾತು ಹೇಳಿದ್ದರಂತೆ. ಆಗ ನಾನು ಹೊರಗೆ ಕಟಕಟೆ ಹಿಡಿದು ಸಮುದ್ರವನ್ನು ಬೈಯುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಒಳಗೆ ಬಂದು ಮೊದಲು ಗ್ರಹಾಂ ಮುಂದೆ ರಟ್ಟು ಹಿಡಿದೆ. "ದಯವಿಟ್ಟು ಸಹಿ ಹಾಕಿ, ಕ್ಯಾಪ್ಟನ್‌ಗೆ ಕೊಡುವುದಕ್ಕೆ," ಎಂದೆ. ಆತ ಏನೂ ಕೇಳಲಿಲ್ಲ. ಈರುಳ್ಳಿ ಗಾತ್ರದ ಬೆರಳುಗಳಲ್ಲಿ ಪೆನ್ನು ಹಿಡಿದು ಹೆಸರು, ಊರು, ಸಹಿ, ಷರಾ ಎಲ್ಲ ತುಂಬಿದರು. ಷರಾದಲ್ಲಿ ಎರಡು ಸಾಲು! ಪಕ್ಕದವರೂ ಹಾಗೇ. ನಾನು ಮೇಜಿನಿಂದ ಮೇಜಿಗೆ ಹೋದಂತೆ ಜನ ತಾವೇ ಕೈ ಚಾಚಿ ರಟ್ಟು ತೆಗೆದುಕೊಂಡರು. ಕೆಲವರು ಷರಾ ಬರೆಯಲು ಜಾಗ ಸಾಲದೆ ಪಕ್ಕಕ್ಕೆ ತಿರುಗಿಸಿ ಬರೆದರು. ಓದುವ ಕನ್ನಡಕ ಕ್ಯಾಬಿನ್ನಿನಲ್ಲಿತ್ತು, ಆ ಕೂಡಕ್ಷರ ನನಗೆ ಕಾಣಲಿಲ್ಲ. ಆದರೆ ಮನಸ್ಸು ತುಂಬಿ ಬಂತು. ಪಾಪ, ಎಲ್ಲರೂ ಒಳಗೊಳಗೇ ಎಷ್ಟು ನುಂಗಿಕೊಂಡಿದ್ದರು! ಕೇಳುವವರು ಒಬ್ಬರು ಬೇಕಿತ್ತು, ಅಷ್ಟೇ. ಮೂವತ್ತೊಂದು ಸಹಿ.

ಅಷ್ಟರಲ್ಲಿ ದ್ವೀಪಕ್ಕೆ ಇಳಿಯುವವರ ತಪಾಸಣೆ ಶುರುವಾಯಿತು. ಈ ದ್ವೀಪದಲ್ಲಿ ಇಲಿ ಹೆಗ್ಗಣಗಳನ್ನೆಲ್ಲ ತೆಗೆದುಹಾಕಿ ಹಕ್ಕಿಗಳಿಗೆ ಬಿಟ್ಟಿದ್ದಾರೆ. ಅಲ್ಲಿಗೆ ಹೊರಗಿನ ಇರುವೆ, ಮಣ್ಣು, ಬೀಜ ಏನೂ ಹೋಗಕೂಡದು. ಸಾಲಾಗಿ ನಿಲ್ಲಿಸಿ ಚೀಲ ಬಿಚ್ಚಿಸಿ, ಬೂಟಿನ ಅಡಿ ಬ್ರಷ್ಷಿನಿಂದ ಉಜ್ಜುತ್ತಾರೆ. ಹೀನಿ ಎಂಬ ಮಾವೊರಿ ಹೆಂಗಸು, ಸಣ್ಣ ರಬ್ಬರ್ ದೋಣಿ ನಡೆಸುವವಳು, ನನ್ನ ಮುಂದೆ ಮಂಡಿಯೂರಿ ಸೀರೆಯ ಅಂಚನ್ನು ಒಂದೊಂದು ನೆರಿಗೆಯಾಗಿ ಬಿಡಿಸಿ ಬ್ರಷ್ಷಾಡಿಸಿದಳು. ಫಂಗರೋವದ ಕಾಲುದಾರಿಯಲ್ಲಿ ಅಂಟಿದ್ದ ಎರಡು ಹುಲ್ಲಿನ ಬೀಜ ಸಿಕ್ಕವು. ಕೊಲೆಯ ಸಾಕ್ಷಿಯಂತೆ ಅವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದಳು.

"ಈಗ ಹೋಗಬಹುದು, ಆಂಟಿ."

ಆಂಟಿಯಂತೆ! ಅವಳಿಗೆ ಮೊಮ್ಮಕ್ಕಳಿದ್ದಾರೆ ಎಂದು ಅವಳೇ ಹೇಳಿದ್ದಳು. ನನಗಿಂತ ನಾಲ್ಕು ವರ್ಷವಾದರೂ ದೊಡ್ಡವಳು. ಎರಡು ಹುಲ್ಲಿನ ಬೀಜ ಎಲ್ಲಿಗೆ ಹೋಗುತ್ತವೆ ಎಂದು ಇಷ್ಟು ಚಿಂತೆ ಮಾಡುವವರು, ಮನುಷ್ಯರನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂದಿದ್ದರೋ ಅಲ್ಲಿಗೆ ಕರೆದೊಯ್ಯುವುದಿಲ್ಲ.

ನಾನು ಸಾಲಿನಿಂದ ಹೊರಬಂದು, ರಟ್ಟು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ.

ಚುಕ್ಕಾಣಿ ಕೋಣೆ: ಒಂಬತ್ತೂ ಕಾಲು

ಬಾಗಿಲು ಹಾರುಹೊಡೆದಿತ್ತು. ಆದರೂ ತಟ್ಟಿ ನಿಂತೆ. ಕ್ಯಾಪ್ಟನ್ ಚಹಾ ಕುಡಿಯುತ್ತಿದ್ದರು. ನಾನು ಒಳಗೆ ಹೋಗಿ, ಮನವಿಯನ್ನು ಸಹಿ ಹಾಳೆಗಳ ಮೇಲಕ್ಕೆ ತಂದು, ಎರಡೂ ಕೈಯಲ್ಲಿ ಕೊಟ್ಟೆ.

ಅವರು ಮೊದಲ ಪುಟ ಓದಿದರು. ಮತ್ತೊಮ್ಮೆ ಓದಿದರು. ಹುಬ್ಬು ಮೇಲೆ ಹೋಯಿತು. ನನಗೆ ಒಳಗೊಳಗೇ ಸಮಾಧಾನವಾಯಿತು. ನಂತರ ಸಹಿಯ ಹಾಳೆ ತಿರುಗಿಸಿದರು. ಹುಬ್ಬು ಇಳಿಯಿತು. ಮೀಸೆ ಅಲ್ಲಾಡಿತು.

"ಎಲ್ಲರೂ ಬಹಳ ನೊಂದಿದ್ದಾರೆ ಎಂದು ಬರೆದಿದ್ದೀರಿ."

"ಹೌದು."

"ಗ್ರಹಾಂ, ಪುಕೆಕೊಹೆ," ಎಂದು ಅವರು ಷರಾ ಓದಿದರು. "ಇಷ್ಟು ಒಳ್ಳೆಯ ವಾರ ನನ್ನ ಜೀವಮಾನದಲ್ಲಿ ಕಂಡಿಲ್ಲ. ಥ್ಯಾಂಕ್ಸ್, ದೊರೆ."

ನಾನು ಹಾಳೆಯ ಕಡೆ ಬಗ್ಗಿದೆ.

"ಮುಂದಿನವರು. ಬೇರೆ ಕಡೆ ಇಳಿಸಿದರೂ ಚಿಂತೆಯಿಲ್ಲ, ನೀವು ಹೋದಲ್ಲೆಲ್ಲ ಚೆನ್ನಾಗಿರುತ್ತದೆ. ಅವರ ನಂತರ... ಕುಂಬಳಕಾಯಿ ಸೂಪು ಅದ್ಭುತ. ಅಡುಗೆಯವರನ್ನು ನಮ್ಮ ಮನೆಗೆ ಕಳಿಸಿ." ಅವರು ಹಾಳೆ ನನ್ನ ಕಡೆ ತಿರುಗಿಸಿದರು. ಅಲ್ಲಿ ಹೂವುಗಳೂ ಇದ್ದವು. ಯಾರೋ ಒಂದು ಹೃದಯ ಬರೆದು ಅದರೊಳಗೆ ಹಡಗು ಬರೆದಿದ್ದರು.

ಆಗ ತಿಳಿಯಿತು. ಈ ದೇಶದಲ್ಲಿ ಯಾವುದೇ ಪ್ರವಾಸದ, ಕೆಲಸದ ಕೊನೆಗೆ ಒಂದು ದೊಡ್ಡ ಕಾರ್ಡು ಸುತ್ತುತ್ತದೆ. ಎಲ್ಲರೂ ಅದರಲ್ಲಿ ಸಹಿ ಹಾಕಿ ಎರಡು ಒಳ್ಳೆಯ ಮಾತು ಬರೆದು ಕೊಡುತ್ತಾರೆ. ಸಿಬ್ಬಂದಿಗೆ ಇವತ್ತು ಅಂಥದ್ದೊಂದು ಬರುತ್ತದೆ ಎಂದು ಜೂಡಿ ತಿಂಡಿಯ ಹೊತ್ತಿನಲ್ಲಿ ಹೇಳಿದ್ದರಂತೆ. ನಾನು ಹೋಗಿ ಕ್ಯಾಪ್ಟನ್‌ಗೆ ಕೊಡುವುದಕ್ಕೆ ಎಂದೆ. ಅವರು ಓದದೆ ಬರೆದರು. ಓದದೆ ಸಹಿ ಹಾಕುವ ಜನ ನಮ್ಮಲ್ಲೂ ಇದ್ದಾರೆ, ಆದರೆ ಖುಷಿಯಿಂದ ಹಾಕುವುದಿಲ್ಲ.

ನೆಲ ಬಾಯಿ ಬಿಡಲು ಅಲ್ಲಿ ನೆಲವೂ ಇರಲಿಲ್ಲ, ಕೆಳಗೆ ಬರೀ ನೀರು.

ಕ್ಯಾಪ್ಟನ್ ಕನ್ನಡಕ ತೆಗೆದಿಟ್ಟರು. ನಗಲಿಲ್ಲ. "ಸರಿ, ಇವರೆಲ್ಲ ಚೆನ್ನಾಗಿದ್ದಾರೆ. ನಿಮಗೆ ಏನು ಬೇಕು?"

ಇಪ್ಪತ್ತಾರು ವರ್ಷದಲ್ಲಿ ನನ್ನ ಟೇಬಲ್ಲಿನ ಮುಂದೆ ನಿಂತ ಯಾರಿಗೂ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಅರ್ಜಿ ಒಳಗೆ ಹೋಗುತ್ತದೆ, ಮುಂದಿನ ವಾರ ಬನ್ನಿ ಎನ್ನುತ್ತಿದ್ದೆ. ಉತ್ತರ ಕೊಡುವುದು ಹೇಗೆಂದು ಅಭ್ಯಾಸವಿರಲಿಲ್ಲ. ಬಾಯಿಗೆ ಬಂದಂತೆ ಹೇಳಿದೆ. ಗೆಳತಿ, ಕಟ್ಟೆ, ಹತ್ತು ಗಂಟೆ, ಗಂಡನ ಯಂತ್ರ, ಎರಡು ಗಂಟೆ, ಅವಳ ತಾಯಿ, ನಾನು ಹೇಳದೆ ಇಟ್ಟುಕೊಂಡ ಮಾತು. ಚೀಲದಿಂದ ಡಬ್ಬಿ ತೆಗೆದು ತೋರಿಸಿದೆ, ಸಾಕ್ಷ್ಯ ಬೇಕಾದರೆ ಇರಲಿ ಎಂದು.

ಅವರು ಡಬ್ಬಿ ಮುಟ್ಟಲಿಲ್ಲ. "ನಿನ್ನೆ ಸಂಜೆಯೇ ಯಾಕೆ ಹೇಳಲಿಲ್ಲ?"

"ನೀವು ಯಾಕೆ ಕೇಳಲಿಲ್ಲ?" ಎಂದೆ. ಧ್ವನಿ ಏರಿತ್ತು, ಏರಲಿ. "ಊರು ಇರುವುದಿಲ್ಲ ಎಂದಿರಿ. ಅಲ್ಲಿ ಯಾರಿಗಾದರೂ ಕೆಲಸವಿದೆಯೇ ಎಂದು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ?"

"ಬಾಗಿಲು ಯಾವಾಗಲೂ ತೆರೆದೇ ಇರುತ್ತದಲ್ಲ."

"ತೆರೆದಿದೆ ಎಂದು ಬೋರ್ಡು ಹಾಕಬೇಕು."

ಅವರು ಒಂದು ಕ್ಷಣ ಬಾಗಿಲನ್ನೇ ನೋಡಿದರು, ಮೊದಲ ಸಲ ನೋಡುವವರಂತೆ. ನಂತರ ರೇಡಿಯೋ ಎತ್ತಿ ಹೀನಿಯನ್ನು ಕರೆದರು. ಎಲ್ಲರೂ ದ್ವೀಪದ ಮೇಲೆ ನಡೆದಾಡುವಷ್ಟರಲ್ಲಿ ಸಣ್ಣ ದೋಣಿಯಲ್ಲಿ ಇವರನ್ನು ರಸ್ಸೆಲ್‌ಗೆ ಬಿಡು. ನಲವತ್ತು ನಿಮಿಷ ಕಾದು, ವಾಪಸು ಕರೆದುಕೊಂಡು ಬಾ. ಅಷ್ಟೇ. ಎರಡು ವಾಕ್ಯ. ಒಂದು ಇಡೀ ಸಂಜೆ ನಾನು ಸಿಟ್ಟಿನಲ್ಲಿ ಬೆಂದದ್ದು ಎರಡು ವಾಕ್ಯದ ಕೆಲಸಕ್ಕೆ!

ಹೊರಡುವ ಮೊದಲು ನಾನು ಮನವಿಯ ಎರಡನೆಯ ಪ್ರತಿ ಮುಂದಿಟ್ಟೆ. "ಸ್ವೀಕೃತಿ ಕೊಡಿ."

ಅವರು ಖಾನೆಯೆಲ್ಲ ಹುಡುಕಿ, ಹಡಗಿನ ಮೊಹರು ತೆಗೆದು, ಒತ್ತಿ ಸಹಿ ಮಾಡಿಕೊಟ್ಟರು.

ರಸ್ಸೆಲ್: ಹತ್ತು ಗಂಟೆ ಐದು ನಿಮಿಷ

ಇರುವುದಿಲ್ಲ ಎಂದಿದ್ದ ಊರು ಅಲ್ಲೇ ಇತ್ತು. ಬಿಳಿ ಮರದ ಮನೆಗಳ ಸಾಲು, ನೀರಿನ ಅಂಚಿಗೇ ಬೀದಿ, ಹಳೆಯ ಮರಗಳ ಕೆಳಗೆ ಬೆಂಚು. ಕಟ್ಟೆಯ ತುದಿಯಲ್ಲಿ ನೀಲಿ ಸಲ್ವಾರಿನ ಒಬ್ಬ ಹೆಂಗಸು ಕೈಯಲ್ಲಿ ಕ್ಯಾರಿಯರ್ ಹಿಡಿದು, ದೊಡ್ಡ ಹಡಗು ಬರುತ್ತದೆಂದು ದೂರಕ್ಕೆ ನೋಡುತ್ತಿದ್ದಳು. ತನ್ನ ಕಾಲ ಕೆಳಗೇ ರಬ್ಬರ್ ದೋಣಿ ಬಂದು ನಿಂತದ್ದು ಅವಳಿಗೆ ಕಾಣಲಿಲ್ಲ.

"ಲೇ ಶಮ್ಮಿ, ಕೆಳಗೆ ನೋಡೇ!"

ಬಗ್ಗಿ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಮೂಗು ಮಾತ್ರ ಅದೇ. "ಇದೇನೇ ಇದು, ಬುಟ್ಟಿಯಲ್ಲಿ ಬಂದಿದೀಯಾ?"

"ಬುಟ್ಟಿ ಸಿಕ್ಕಿದ್ದೇ ಪುಣ್ಯ. ಕೈ ಕೊಡು ಮೊದ್ಲು."

ಹೀನಿ ಕೆಳಗಿನಿಂದ ತಳ್ಳಿದಳು, ಶಮೀಮಾ ಮೇಲಿನಿಂದ ಎಳೆದಳು, ಸೀರೆಯ ಅರ್ಧ ಒದ್ದೆಯಾಯಿತು. ಬೆಂಚಿನ ಮೇಲೆ ಕೂತ ಕೂಡಲೇ ಅವಳು ಕ್ಯಾರಿಯರ್ ಬಿಚ್ಚಿದಳು. ಚಿತ್ರಾನ್ನ, ಕಡಲೆಬೀಜ ಮುಂದಾಗಿ ಹಾಕಿದ್ದು. ಇನ್ನೊಂದರಲ್ಲಿ ಕರಿದ ಹಸಿಮೆಣಸಿನಕಾಯಿ. ಆ ಮೆಣಸಿನಕಾಯಿ ಕಂಡು ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

"ಕ್ಯಾರಿಯರ್ ಹೊಸದು ಕಣೇ," ಎಂದಳು ಮೆಲ್ಲಗೆ. "ನಿನಗೋಸ್ಕರನೇ ತಗೊಂಡೆ. ಇದ್ರಲ್ಲಿ ಬೇರೆ ಏನೂ ಹಾಕಿಲ್ಲ."

ನನಗೆ ಆ ವಾರದ ಎಲ್ಲ ಸಿಟ್ಟೂ ಒಟ್ಟಿಗೆ ಬಂತು. "ಯಾರೇ ಕೇಳಿದ್ದು ನಿನ್ನ? ಹಾಸ್ಟೆಲಲ್ಲಿ ಒಂದೇ ತಟ್ಟೇಲಿ ತಿಂದೋರು ನಾವು. ಏಳು ಸಮುದ್ರ ದಾಟಿ ಬಂದ್ರೆ ಹೊಸ ಕ್ಯಾರಿಯರ್ ತೋರಿಸ್ತೀಯಲ್ಲ!"

"ಬೈ, ಬೈ. ಎಷ್ಟ್ ವರ್ಷ ಆಯ್ತು ಯಾರೂ ಕನ್ನಡದಲ್ಲಿ ಬೈದು."

ಅವಳು ಬಡಿಸುತ್ತಲೇ ಇದ್ದಳು, ನಾನು ತಿನ್ನುತ್ತಲೇ ಇದ್ದೆ. ಒಂದು ಸೀಗಲ್ ಹಕ್ಕಿ ನಮ್ಮ ಬೆಂಚಿನ ಕೈಹಿಡಿಯ ಮೇಲೆ ಕೂತು ಒಂದು ಮೆಣಸಿನಕಾಯಿ ಕದ್ದು, ನೀರಿನ ಮೇಲೆ ಹೋಗಿ ಉಗುಳಿತು. ಗಂಡನ ಆರೋಗ್ಯ, ಯಂತ್ರದ ಶಬ್ದ, ಹಾಸ್ಟೆಲಿನ ವಾರ್ಡನ್ನು, ನನ್ನ ಮಂಡಿನೋವು, ಅವಳ ಬಿಪಿ ಎಲ್ಲ ಮಾತಾಡಿದೆವು. ತಾಯಿಯ ವಿಷಯ ಅವಳು ಕೇಳಲಿಲ್ಲ. ಅವಳು ತಾನು ಒಂದು ತುತ್ತೂ ತಿಂದಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಗಡಿಯಾರ ನೋಡಿದೆ. ಮೂವತ್ತು ನಿಮಿಷ ಹೋಗಿತ್ತು.

ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟೆ. ಅವಳು ಮುಚ್ಚಳ ತೆಗೆದು, ಸುಣ್ಣದ ಕಲೆಯ ಮೇಲೆ ಬೆರಳಾಡಿಸಿ, ಹಾಗೇ ಹಿಡಿದುಕೊಂಡಳು.

"ಹೇಳು," ಎಂದಳು.

"ಬೆಳಿಗ್ಗೆ ಏಳು ಗಂಟೆ ಇರ್ಬೇಕು. ಎರಡು ಚಮಚ ನೀರು ಕುಡಿದ್ರು. ಆಮೇಲೆ, ಅಲ್ಲಿ ಈಗ ಎಷ್ಟು ಗಂಟೆ ಅಂದ್ರು. ಎಲ್ಲಿ ಅಂತ ಕೇಳ್ಬೇಕಾ? ನಾನು ಬೆರಳು ಮಡಿಸಿ ಲೆಕ್ಕ ಹಾಕಿ, ಮಧ್ಯಾಹ್ನ ಆಗಿದೆ ಅಮ್ಮಿ, ಒಂದೂವರೆ ಆಗಿರುತ್ತೆ ಅಂದೆ. ಹಂಗಾದ್ರೆ ಅವಳದು ಊಟ ಆಗಿರುತ್ತೆ ಅಂದ್ರು. ಗೋಡೆ ಕಡೆ ತಿರುಗಿ ಮಲಗಿದ್ರು."

"ಆಮೇಲೆ?"

"ಆಮೇಲೆ ಏನಿಲ್ಲ. ಅಷ್ಟೇ."

"ನನ್ನ ಕರೀಲ್ವಾ? ಬರ್ಲಿಲ್ಲ ಅಂತ ಏನೂ ಅನ್ಲಿಲ್ವಾ?"

"ಇಲ್ಲ ಕಣೇ. ನೀನು ಉಂಡಿದೀಯ ಅಂತ ಗೊತ್ತಾಯ್ತಲ್ಲ, ನಿದ್ದೆ ಬಂತು."

ಅವಳು ನೀರಿನ ಕಡೆ ನೋಡುತ್ತಾ ಕೂತಳು. ಅಷ್ಟು ವರ್ಷ ಏನೇನು ಕೇಳಬೇಕಾಗುತ್ತದೋ ಎಂದು ಹೆದರಿಕೊಂಡು ಫೋನಿನಲ್ಲಿ ಬೇಡ ಎಂದಿದ್ದಳೋ, ಅದು ಯಾವುದೂ ಇರಲಿಲ್ಲ. ಕ್ಯಾರಿಯರ್ ತನ್ನ ಕಡೆ ಎಳೆದುಕೊಂಡು, ನಾನು ತಿಂದು ಬಿಟ್ಟಿದ್ದ ಬಟ್ಟಲಿಗೇ ಕೈ ಹಾಕಿ ತಿನ್ನತೊಡಗಿದಳು. ದೊಡ್ಡ ದೊಡ್ಡ ತುತ್ತು, ಹಾಸ್ಟೆಲಿನಲ್ಲಿ ಬೆಲ್ಲು ಹೊಡೆದ ಮೇಲೆ ತಿನ್ನುತ್ತಿದ್ದ ಹಾಗೆ. ಅಳುತ್ತಲೇ ತಿಂದಳು. ತಳದ ಕಡಲೆಬೀಜವನ್ನೂ ಬಿಡಲಿಲ್ಲ.

ಹೀನಿ ನಮ್ಮ ಕಡೆ ಬೆನ್ನು ಮಾಡಿ, ಆಗಲೇ ಬಿಗಿದಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದಳು. ಅದನ್ನು ಅವಳು ಎಷ್ಟು ಸಲ ಮಾಡಿದಳೋ. ನಲವತ್ತು ನಿಮಿಷ ಐವತ್ತೈದಾಯಿತು. ಕೊನೆಗೆ ತಿರುಗದೆಯೇ ಕೂಗಿದಳು, "ಆಂಟಿ, ಇನ್ನು ಹೊರಡೋಣವೇ?"

ಈ ಸಲ ಆ ಮಾತಿಗೆ ಸಿಟ್ಟು ಬರಲಿಲ್ಲ. ಹೊತ್ತು ಆಗಿದ್ದಕ್ಕೆ ಬಂತು.

ಆಕ್ಲೆಂಡ್: ಏಳನೆಯ ದಿನ, ಬೆಳಿಗ್ಗೆ

ಬಂದರಿನ ಕಟ್ಟಡಗಳು ಕಾಣಿಸುವ ಹೊತ್ತಿಗೆ ನಮ್ಮ ಸಹಿ ಹಾಳೆ ಊಟದ ಕೋಣೆಯ ಬೋರ್ಡಿನಲ್ಲಿ ತೂಗುತ್ತಿತ್ತು, ಹೂವು ಹೃದಯ ಸಮೇತ. ಸುಮಾ ಅದರ ಮುಂದೆ ನಿಂತು, ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಅಕ್ಕ, ಇಡೀ ದೇಶದಲ್ಲಿ ಫಸ್ಟ್ ಟೈಮ್ ಕಂಪ್ಲೇಂಟಿಗೆ ಹಾರ್ಟ್ ಬಿದ್ದಿರೋದು."

"ನಗು. ನೀನು ತಿಂಡಿಗೆ ಬಂದಿದ್ರೆ ನನ್ನ ಮಾನ ಉಳೀತಿತ್ತು."

"ನಾನು ಬಂದಿದ್ರೆ ನೀನು ರಸ್ಸೆಲ್‌ಗೆ ಹೋಗ್ತಾ ಇರ್ಲಿಲ್ಲ."

ತಂಗಿ ಸರಿಯಾದ ಮಾತು ಹೇಳುವುದೂ ಒಂದು ಕಿರಿಕಿರಿ.

ಅಷ್ಟರಲ್ಲಿ ಜೂಡಿ ಬಂದರು. ಕೈಯಲ್ಲಿ ನಿಜವಾದ ಕಾರ್ಡು, ಮೇಲೆ ಹಡಗಿನ ಚಿತ್ರ. ಮುಖ ಸಪ್ಪಗಿತ್ತು. ಬಿಚ್ಚಿ ತೋರಿಸಿದರು. ಒಳಗೆ ಮೂರೇ ಹೆಸರು. ಯಾರ ಬಳಿ ಹೋದರೂ ನಾನು ಆಗಲೇ ಬರೆದಾಯಿತಲ್ಲ ಎನ್ನುತ್ತಾರಂತೆ. ಗ್ರಹಾಂ ಪಕ್ಕದಲ್ಲಿ ನಿಂತು, "ಒಳ್ಳೆಯ ಮಾತು ಒಂದು ಸಲ ಹೇಳಿದರೆ ಸಾಲದೇ?" ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಆಡುವ ಮಾತೇ ಅದು?

"ನೀವಾದರೂ ಬರೆಯುತ್ತೀರಾ?" ಎಂದು ಜೂಡಿ ನನಗೆ ಪೆನ್ನು ಕೊಟ್ಟರು.

ಈ ಸಲ ಕನ್ನಡಕ ಹಾಕಿಕೊಂಡೆ. ಖಾಲಿ ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿತ್ತು. ಇಂಗ್ಲಿಷಿನಲ್ಲಿ ಬರೆದೆ. ಕುಂಬಳಕಾಯಿ ವಾರಕ್ಕೆ ಎರಡು ದಿನ ಸಾಕು. ಚುಕ್ಕಾಣಿ ಕೋಣೆಯ ಬಾಗಿಲಿಗೆ ಬೋರ್ಡು ಹಾಕತಕ್ಕದ್ದು. ನಿಲುಗಡೆ ರದ್ದು ಮಾಡುವ ಮೊದಲು ಪ್ರಯಾಣಿಕರನ್ನು ವಿಚಾರಿಸತಕ್ಕದ್ದು. ಐವತ್ತೈದು ನಿಮಿಷ ಸಾಲಲಿಲ್ಲ. ಕೆಳಗೆ ಹೆಸರು, ಊರು, ಸಹಿ.

ಆ ಕಾರ್ಡಿಗೆ ಷರಾ ಕಾಲಂ ಇರಲಿಲ್ಲ. ಬಲಗಡೆಗೆ ನಾನೇ ಒಂದು ಗೆರೆ ಎಳೆದೆ. ಅದರಾಚೆಗೆ ಕನ್ನಡದಲ್ಲಿ ಬರೆದೆ: ಶಮೀಮಾಳದು ಊಟ ಆಯಿತು.

ಕ್ಯಾಪ್ಟನ್‌ಗೆ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಲಿ.